ಆರನೇ ಕಿಲೋಮೀಟರಿನ ತಿರುವು

ಊರಿನ ಪುರಸಭೆ ಕಚೇರಿ ಅಚ್ಚು ಹಾಕಿಸಿದ ಸೈಕಲ್ ದಾರಿಯ ನಕ್ಷೆಯನ್ನು ಯಾರು ಕೈಗೆ ತೆಗೆದುಕೊಂಡರೂ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಅದರ ಹೊಟ್ಟೆ. ಸೇತುವೆಯ ಬುಡದಿಂದ ಹೊರಟ ಕೆಂಪು ಗೆರೆ ನದಿಯ ಏರಿಯನ್ನು ಹಿಡಿದು ಆರು ಕಿಲೋಮೀಟರ್ ಹಗ್ಗ ಎಳೆದಷ್ಟು ನೆಟ್ಟಗೆ ಹೋಗುತ್ತದೆ. ಹೋಗದೆ ಏನು ಮಾಡೀತು, ಸುತ್ತಲ ನೆಲ ತಟ್ಟೆಯ ಹಾಗೆ ಸಪಾಟು. ಒಂದು ದಿಣ್ಣೆಯಿಲ್ಲ, ಒಂದು ಹಳ್ಳವಿಲ್ಲ. ಆರನೇ ಕಿಲೋಮೀಟರಿಗೆ ಬಂದದ್ದೇ ಆ ಗೆರೆಗೆ ಏನಾಗುತ್ತದೋ, ಏರಿಯಿಂದ ಕೆಳಗಿಳಿದು, ಎಲೆಕೋಸಿನ ಹೊಲಗಳ ನಡುವೆ ನುಗ್ಗಿ, ಇಟ್ಟಿಗೆ ಗೂಡಿನ ಹಿಂದಿನ ಕೆಸರನ್ನು ಬಳಸಿ, ಎರಡೂವರೆ ಕಿಲೋಮೀಟರ್ ಅಲೆದಾಡಿ, ಬಿಟ್ಟ ಜಾಗದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಮತ್ತೆ ಏರಿಯನ್ನು ಹತ್ತಿಕೊಳ್ಳುತ್ತದೆ. ಆಮೇಲೆ ಏನೂ ನಡೆದೇ ಇಲ್ಲವೆಂಬ ಮುಖ ಮಾಡಿಕೊಂಡು ಪಂಪ್‌ಹೌಸಿನ ತನಕ ನೆಟ್ಟಗೆ ಓಡುತ್ತದೆ.

ಈ ನಕ್ಷೆ ಬರೆದವರು ಕಚೇರಿಯ ಕಾಮಗಾರಿ ವಿಭಾಗದ ಹಿರಿಯ ಗುಮಾಸ್ತರು. ಚರಂಡಿಯದಾಗಲಿ, ಕೊಳಾಯಿಯದಾಗಲಿ, ಸ್ಮಶಾನದ ಕಾಂಪೌಂಡಿನದಾಗಲಿ, ಊರಿನ ಯಾವ ನಕ್ಷೆ ಬೇಕಾದರೂ ಅವರ ಬೀರುವಿನಿಂದಲೇ ಹೊರಬರಬೇಕಾದ್ದರಿಂದ ಜನ ಅವರನ್ನು ನಕ್ಷೆಯವರು ಎಂದೇ ಕರೆಯುತ್ತಿದ್ದರು. ಐವತ್ತೆರಡು ವಯಸ್ಸು, ತೆಳ್ಳನೆಯ ದೇಹ, ಇಸ್ತ್ರಿ ಮಾಡಿದ ಅಂಗಿ, ಚೈನಿನ ಎಣ್ಣೆ ತಾಗದಿರಲೆಂದು ಪ್ಯಾಂಟಿನ ಕಾಲಿಗೊಂದು ಕ್ಲಿಪ್ಪು. ತಪ್ಪು ಮಾಡುವ ಮನುಷ್ಯರಲ್ಲ. ಅಪ್ಪಿತಪ್ಪಿ ಅಂಥ ಪ್ರಸಂಗ ಬಂದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಒರೆಸಿ ಮುಗಿಯುವುದರೊಳಗೆ ಪ್ರಸಂಗ ಸಾಮಾನ್ಯವಾಗಿ ಮುಂದಕ್ಕೆ ಹೋಗಿರುತ್ತಿತ್ತು.

ನಕ್ಷೆಯ ಕೆಲಸ ಅವರ ತಲೆಗೆ ಬಂದದ್ದು ಹೊಸ ಮುಖ್ಯಾಧಿಕಾರಿಯಿಂದ. ಆ ಮೇಡಂ ಊರಿಗೆ ಬಂದು ಎರಡು ತಿಂಗಳಾಗಿತ್ತು. ರಜೆಯ ದಿನ ಬೇರೆ ಊರುಗಳ ಜನ ಹೆಲ್ಮೆಟ್ಟು, ಬಿಗಿ ಚಡ್ಡಿ ಏರಿಸಿಕೊಂಡು ಬಂದು ನದಿ ದಡದಲ್ಲಿ ದಾರಿ ತಪ್ಪಿ ಅಲೆಯುವುದನ್ನು ಅವರು ಕಂಡಿದ್ದರು. ಒಬ್ಬ ಸವಾರ ಯಾರದೋ ಕೋಳಿಗೂಡಿನೊಳಕ್ಕೆ ಸೈಕಲ್ ಸಮೇತ ನುಗ್ಗಿ, ಕೋಳಿಗಳು ಮೂರು ದಿನ ಮೊಟ್ಟೆ ಇಡಲಿಲ್ಲವೆಂಬ ದೂರು ಬಂದ ಮೇಲೆ ನಕ್ಷೆಯವರನ್ನು ಒಳಗೆ ಕರೆಸಿದರು.

"ನೀವು ಪ್ರತಿ ಭಾನುವಾರ ಪಂಪ್‌ಹೌಸ್ ತನಕ ಸೈಕಲ್ ತುಳೀತೀರಂತೆ?"

"ಹನ್ನೊಂದು ವರ್ಷದಿಂದ ಮೇಡಂ. ಒಂದು ವಾರಾನೂ ತಪ್ಪಿಸಿಲ್ಲ."

"ಹಾಗಾದ್ರೆ ಆ ದಾರಿ ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ? ಒಂದು ನಕ್ಷೆ ಮಾಡ್ಕೊಡಿ. ಸೇತುವೆ ಹತ್ರ ದೊಡ್ಡ ಬೋರ್ಡ್ ಹಾಕ್ಸೋಣ. ಕೆಳಗೆ ನಿಮ್ಮ ಹೆಸರೇ ಇರ್ಲಿ."

ಕೊನೆಯ ಮಾತೊಂದನ್ನು ಮೇಡಂ ಆಡದೆ ಇದ್ದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಮೂವತ್ತು ವರ್ಷ ಬರೆದ ಚರಂಡಿಗಳ ಕೆಳಗೆ ಒಂದರಲ್ಲೂ ಹೆಸರು ಬಿದ್ದಿರಲಿಲ್ಲ. ನಕ್ಷೆಯವರು ಹೊರಗೆ ಬಂದಾಗ ಅವರ ನಡಿಗೆಯೇ ಬೇರೆಯಾಗಿತ್ತು.

ಅಳತೆಗೆ ಅವರು ಯಂತ್ರಗಳನ್ನು ನಂಬುವವರಲ್ಲ. ಮುಂದಿನ ಚಕ್ರದ ಒಂದು ಕಡ್ಡಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ, ಅದು ಕೆಳಗೆ ಬಂದಾಗಲೆಲ್ಲ ಒಂದು ಎಂದು ಎಣಿಸುತ್ತ ಸೇತುವೆಯಿಂದ ಹೊರಟರು. ದಾರಿಯಲ್ಲಿ ಮೂರು ಜನ ಪರಿಚಿತರು ಕ್ಷೇಮಸಮಾಚಾರ ಕೇಳಿದರು. ಎಣಿಕೆ ತಪ್ಪೀತೆಂದು ನಕ್ಷೆಯವರು ಬಾಯಿ ಬಿಡಲಿಲ್ಲ. ಅವರಲ್ಲಿ ಇಬ್ಬರು ಇವತ್ತಿಗೂ ಸಿಟ್ಟಾಗಿದ್ದಾರೆ. ಆರನೇ ಕಿಲೋಮೀಟರಿನಲ್ಲಿ ಸೈಕಲ್ಲು ತನಗೆ ತಾನೇ ಏರಿಯಿಂದ ಬಲಕ್ಕೆ ಇಳಿಯಿತು. ಕೋಸಿನ ಹೊಲ ಬಂತು, ಗೂಡು ಬಂತು, ಕೆಸರು ಬಂತು, ನಾಯಿ ಬಂತು, ಎಣಿಕೆ ನಿಲ್ಲಲಿಲ್ಲ. ಹನ್ನೊಂದು ವರ್ಷ ವಾರವಾರವೂ ಇಳಿದು ಇಳಿದು ಅವರ ಮಟ್ಟಿಗೆ ಅದು ತಿರುವೇ ಆಗಿ ಉಳಿದಿರಲಿಲ್ಲ, ದಾರಿ ಇರುವುದೇ ಹಾಗೆ ಎಂದಾಗಿಬಿಟ್ಟಿತ್ತು. ಒಟ್ಟು ಆರು ಸಾವಿರದ ಐನೂರ ತೊಂಬತ್ತು ಸುತ್ತು. ಹದಿನಾಲ್ಕೂವರೆ ಕಿಲೋಮೀಟರ್ ಎಂದು ಅಂದವಾಗಿ ಬರೆದು ಕೊಟ್ಟರು.

ಇನ್ನು ಆ ಸೈಕಲ್ಲು ಅಲ್ಲಿ ಯಾಕೆ ಇಳಿಯುತ್ತಿತ್ತು ಎಂಬುದನ್ನು ಹೇಳಬೇಕಲ್ಲ. ಏರಿಯ ಮೇಲೆ, ಆರನೇ ಕಲ್ಲಿನಿಂದ ಇನ್ನೂರು ಹೆಜ್ಜೆ ಮುಂದೆ, ತಗಡಿನ ಮಾಡಿನ ಒಂದು ಸೈಕಲ್ ಶಾಪಿದೆ. ಅದು ನಕ್ಷೆಯವರ ಅಣ್ಣನದು.

ಹನ್ನೊಂದು ವರ್ಷದ ಕೆಳಗೆ, ನಕ್ಷೆಯವರಿಗೆ ಹಿರಿಯ ಗುಮಾಸ್ತರೆಂದು ಬಡ್ತಿಯಾಗಿ ಎಂಟು ದಿನವಾಗಿತ್ತು. ಆಗಿನ ಸಾಹೇಬರ ಜೊತೆ ಜೀಪಿನಲ್ಲಿ ಪಂಪ್‌ಹೌಸಿಗೆ ಹೊರಟಿದ್ದಾಗ ಸರಿಯಾಗಿ ಆ ಅಂಗಡಿಯ ಮುಂದೆಯೇ ಚಕ್ರದ ಗಾಳಿ ಹೋಯಿತು. ಅಣ್ಣ ಬಂದ, ಚಕ್ರ ಬಿಚ್ಚಿದ, ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡತೊಡಗಿದ. ಮೊಣಕೈ ತನಕ ಮಸಿ. ಸಾಹೇಬರು ಅವನ ಮುಖ ನೋಡಿದರು, ಗುಮಾಸ್ತರ ಮುಖ ನೋಡಿದರು. "ಏನ್ರೀ ಇದು, ಇಬ್ಬರ ಮೂಗೂ ಒಂದೇ ಅಚ್ಚಲ್ಲಿ ತೆಗೆದ ಹಾಗಿದೆಯಲ್ಲ! ಯಾರು ಇವರು?" ಎಂದರು. ಎಂಟು ದಿನದ ಬಡ್ತಿ ನಾಲಿಗೆಯ ಮೇಲೆ ಕೂತಿತ್ತು. "ಯಾರೂ ಇಲ್ಲ ಸಾರ್, ಸುಮ್ಮನೆ ಮುಖ ಪರಿಚಯ" ಎಂದುಬಿಟ್ಟರು.

ಅಷ್ಟೇ ನಡೆದದ್ದು. ಅಣ್ಣ ತಲೆ ಎತ್ತಲಿಲ್ಲ. ತೇಪೆ ಹಾಕಿದ, ಗಾಳಿ ತುಂಬಿದ, ಕೈ ಒರೆಸಿಕೊಂಡು ಒಳಗೆ ಹೋದ. ಅಪ್ಪ ತೀರಿಕೊಂಡಾಗ ಹದಿನಾರನೇ ವಯಸ್ಸಿಗೆ ಅದೇ ಅಂಗಡಿಯಲ್ಲಿ ಕೂತು, ತಾನು ಓದು ಬಿಟ್ಟು ತಮ್ಮನನ್ನು ಓದಿಸಿದವನು ಅವನು. ಅವತ್ತಿನಿಂದ ಅವನು ಮಾತು ಬಿಟ್ಟ, ಇವರು ಆ ದಾರಿ ಬಿಟ್ಟರು.

ನಕ್ಷೆ ಅಚ್ಚಾಗುವ ಮುಂಚೆ ಮೇಡಂ ತಮ್ಮ ಕೋಣೆಯಲ್ಲಿ ಒಂದು ಸಭೆ ಕರೆದರು. ಸೈಕಲ್ ಸಂಘದ ಅಧ್ಯಕ್ಷರಾದ ಡ್ರಿಲ್ ಮೇಷ್ಟ್ರೂ ಬಂದಿದ್ದರು. ಶಾಲೆಯಿಂದ ನಿವೃತ್ತರಾಗಿ ಆರು ವರ್ಷವಾಗಿದ್ದರೂ ಕೊರಳಲ್ಲಿ ಇನ್ನೂ ಸೀಟಿ ನೇತಾಡುತ್ತಿತ್ತು. ಮೇಡಂ ಅವರ ಬೆರಳು ಸೇತುವೆಯಿಂದ ಹೊರಟು ಆರನೇ ಕಿಲೋಮೀಟರಿನ ಹೊಟ್ಟೆಯ ಮೇಲೆ ನಿಂತಿತು.

"ಇಲ್ಲಿ ಯಾಕೆ ಹೀಗೆ?"

ನಕ್ಷೆಯವರು ಬಗ್ಗಿ ನೋಡಿದರು. ತಾವೇ ಬರೆದ ತಿರುವು ಅವರಿಗೆ ಮೊದಲ ಸಲ ಕಾಣಿಸಿದ್ದು ಆಗ. ಕನ್ನಡಕ ತೆಗೆದು ಒರೆಸತೊಡಗಿದರು.

ಯಾರಾದರೂ ಸುಮ್ಮನಿದ್ದರೆ ಆ ಜಾಗ ತುಂಬಿಸುವುದು ತಮ್ಮ ಕರ್ತವ್ಯವೆಂದು ಡ್ರಿಲ್ ಮೇಷ್ಟ್ರು ತಿಳಿದಿದ್ದರು. "ಗಾಳಿ ಮೇಡಂ!" ಎಂದು ಎದ್ದು ನಿಂತರು. "ಆರನೇ ಕಿಲೋಮೀಟರಿಗೆ ಬರೋ ಹೊತ್ತಿಗೆ ಸವಾರನ ತೊಡೆ ಬಿಸಿಯಾಗಿರುತ್ತೆ. ಆಗ ನದಿ ಗಾಳಿ ಎದುರಿಗೆ ಹೊಡೀತು ಅಂದ್ರೆ ನರ ಹಿಡ್ಕೊಂಡುಬಿಡುತ್ತೆ. ಅದಕ್ಕೇ ಒಳಗಿಂದ ಹಾಯಿಸಿದ್ದಾರೆ. ನಲವತ್ತು ವರ್ಷ ಮಕ್ಕಳನ್ನ ಓಡಿಸಿದ ನನಗೇ ಹೊಳೀಲಿಲ್ಲ ನೋಡಿ! ಅಲ್ವೇ ನಕ್ಷೆಯವರೇ?"

ನಕ್ಷೆಯವರು ಕನ್ನಡಕ ಹಾಕಿಕೊಂಡರು. ಹಾಕಿಕೊಳ್ಳುವಾಗ ತಲೆ ಒಂದಿಷ್ಟು ಕೆಳಗೆ ಹೋಯಿತು. ಸಭೆ ಅದನ್ನು ಹೌದೆಂದು ಬರೆದುಕೊಂಡಿತು.

ಬೋರ್ಡು ಎದ್ದಿತು. ಕೆಳಗಿನ ಮೂಲೆಯಲ್ಲಿ ಹೆಸರೂ ಬಿತ್ತು. ನಕ್ಷೆಯವರು ಮನೆಯಿಂದ ಕಚೇರಿಗೆ ಹೋಗುವಾಗ ಸೇತುವೆ ಅವರ ದಾರಿಗೆ ಬೀಳುತ್ತಿರಲಿಲ್ಲ. ಈಗ ಹೇಗೋ ಬೀಳತೊಡಗಿತು. ಸವಾರರು ಗುಂಪು ಗುಂಪಾಗಿ ಬಂದರು, ಆರನೇ ಕಲ್ಲಿನ ಹತ್ತಿರ ಬಾಣದ ಗುರುತು ನೋಡಿ ಭಯಭಕ್ತಿಯಿಂದ ಕೆಳಗಿಳಿದರು, ಗೂಡಿನ ಹಿಂದಿನ ಕೆಸರಿನಲ್ಲಿ ಜಾರಿಬಿದ್ದರು. ಬಿದ್ದವರಿಗೆ ತಿರುವಿನ ಮೇಲೆ ಗೌರವ ಇನ್ನೂ ಹೆಚ್ಚಾಯಿತು. ಮಂಡಿ ತರಚಿಕೊಂಡ ಒಬ್ಬ ಡಾಕ್ಟರು, ಸಪಾಟು ದಾರಿಯಲ್ಲಿ ಒಂದೇ ಸಮ ತುಳಿದರೆ ಕೀಲು ಸವೆಯುತ್ತದೆ, ಈ ತಿರುವು ಕೀಲಿಗೆ ಕೊಟ್ಟ ವಿಶ್ರಾಂತಿ ಎಂದು ನಿಂತಲ್ಲೇ ವಿವರಿಸಿದರು. ಗೂಡಿನ ನಾಯಿ ಮೊದಮೊದಲು ಬೊಗಳಿ, ಆಮೇಲೆ ಸಾಕಾಗಿ ಮಲಗಿತು. ಅಲ್ಲಿ ಬೀಳದವನು ಸವಾರನೇ ಅಲ್ಲ ಎಂದು ಡ್ರಿಲ್ ಮೇಷ್ಟ್ರು ಸಂಘದಲ್ಲಿ ಘೋಷಿಸಿದರು.

ಮನೆಯಲ್ಲಿ ಹೆಂಡತಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ನಕ್ಷೆಯನ್ನು ಮೊಣಕಾಲ ಮೇಲೆ ಹರಡಿಕೊಂಡಿದ್ದಳು.

"ಇದೇನ್ರೀ, ಭಾವನ ಅಂಗಡಿ ಎಲ್ಲಿ?"

"ನಕ್ಷೇಲಿ ಅಂಗಡಿಗಳನ್ನ ತೋರಿಸೋ ಪದ್ಧತಿ ಇಲ್ಲ."

"ಅಂಗಡಿ ಹಾಳಾಗ್ಲಿ, ಅಂಗಡಿ ಇರೋ ರಸ್ತೇನೇ ಇಲ್ವಲ್ರೀ!"

"ಗಾಳಿ" ಎಂದರು ನಕ್ಷೆಯವರು.

"ಯಾವ ಗಾಳಿ?"

"ಎದುರುಗಾಳಿ. ತೊಡೆಗೆ ಹೊಡೆಯುತ್ತೆ."

ಹೆಂಡತಿ ಚಾಕು ಕೆಳಗಿಟ್ಟಳು. "ತಿಂಗಳಿಗೊಂದು ಸಲ ಭಾವನ ಮನೆಗೆ, ಅಕ್ಕನ್ನ ನೋಡೋಕೆ, ನಾನು ಅದೇ ರಸ್ತೇಲಿ ನಡ್ಕೊಂಡು ಹೋಗ್ತೀನಿ. ನನ್ನ ತಲೆಕೂದಲು ಕೂಡ ಅಲ್ಲಾಡಲ್ಲ."

"ನೀನು ಅಲ್ಲಿಗೆ ಹೋಗ್ತೀಯಾ?"

"ಮಾತು ಬಿಟ್ಟಿರೋರು ಅಣ್ಣತಮ್ಮಂದಿರು. ಓರಗಿತ್ತಿಯರು ನಾವ್ಯಾಕೆ ಬಿಡ್ಬೇಕು? ಭಾವನಿಗೆ ಸೊಂಟ ಹಿಡ್ಕೊಂಡು ಎರಡು ತಿಂಗಳಾಯ್ತು, ಅದಾದ್ರೂ ಗೊತ್ತಾ ನಿಮಗೆ? ಸಿಟ್ಟಿದ್ದಿದ್ರೆ ನೀವು ಬೇರೆ ದಿಕ್ಕಿಗೆ ಸೈಕಲ್ ತುಳೀತಿದ್ರಿ. ವಾರವಾರವೂ ಅಂಗಡಿ ಇನ್ನೂರು ಹೆಜ್ಜೆ ಇದೆ ಅನ್ನೋ ತನಕ ಹೋಗಿ ತಿರುಗ್ತೀರಲ್ಲ, ಅದಕ್ಕೇನಂತಾರೆ?"

"ವ್ಯಾಯಾಮ ಅಂತಾರೆ" ಎಂದು ನಕ್ಷೆಯವರು ಎದ್ದು ಹೋದರು.

ಮುಂದಿನ ವಾರ ಕಚೇರಿಗೆ ಒಂದು ಅರ್ಜಿ ಬಂತು. ಪುಸ್ತಕದಿಂದ ಹರಿದ ಹಾಳೆ, ಅಂಚಿನಲ್ಲಿ ಮಸಿ ಬೆರಳಿನ ಗುರುತು. ಟಪಾಲಿನ ಜವಾನ ಪ್ರತಿಯೊಂದು ಕಾಗದವನ್ನೂ ತಾನು ಓದಿಯೇ ಮೇಜಿಗೆ ಇಡುವವನು. ಇದನ್ನು ಎರಡು ಸಲ ಓದಿದ.

"ಮೇಡಂ ಅವರಿಗೆ. ನಿಮ್ಮ ನಕ್ಷೆಯ ಪ್ರಕಾರ ಆರನೇ ಕಲ್ಲಿನಿಂದ ಮುಂದೆ ನಾನೂರು ಹೆಜ್ಜೆ ಏರಿಯ ಮೇಲೆ ರಸ್ತೆ ಇಲ್ಲ. ಆ ರಸ್ತೆಯ ಮೇಲೆ ನಾನು ನಲವತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡಿಕೊಂಡು ಕೂತಿದ್ದೇನೆ. ಹಾಗಾದರೆ ನಾನು ಎಲ್ಲಿ ಕೂತಿದ್ದೇನೆಂದು ಕಚೇರಿಯವರು ದಯಮಾಡಿ ತಿಳಿಸಬೇಕು."

ಅರ್ಜಿಗೆ ಏಳು ದಿನದೊಳಗೆ ಉತ್ತರ ಹೋಗಬೇಕೆಂಬುದು ಕಚೇರಿಯ ನಿಯಮ. ಯಾರು ಮಾಡಿದ ಕೆಲಸದ ಮೇಲೆ ದೂರು ಬಂದಿದೆಯೋ ಅವರೇ ಉತ್ತರ ಬರೆಯಬೇಕೆಂಬುದು ಇನ್ನೊಂದು ನಿಯಮ. ಮೇಡಂ ಮೂಲೆಯಲ್ಲಿ ಸಹಿ ಮಾಡಿ ನಕ್ಷೆಯವರ ಮೇಜಿಗೆ ಕಳಿಸಿದರು. ಹೀಗೆ ಹನ್ನೊಂದು ವರ್ಷದ ಮೇಲೆ ಅಣ್ಣ ಆಡಿದ ಮೊದಲ ಮಾತು ತಮ್ಮನಿಗೆ ಕ್ರಮಸಂಖ್ಯೆ ನೂರ ನಲವತ್ತೇಳಾಗಿ ಬಂದು ತಲುಪಿತು.

ನಕ್ಷೆಯವರು ಆರು ದಿನ ತೆಗೆದುಕೊಂಡರು. "ತಮ್ಮ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಸದರಿ ಭಾಗದಲ್ಲಿ ಎದುರುಗಾಳಿಯ ಬಾಧೆ ಇರುವುದರಿಂದ ಸವಾರರ ಹಿತದೃಷ್ಟಿಯಿಂದ ಮಾರ್ಗವನ್ನು ಬಳಸಿ ಒಯ್ಯಲಾಗಿದೆ. ತಾವು ಕುಳಿತಿರುವ ಸ್ಥಳದ ಬಗ್ಗೆ ಕಚೇರಿಯ ಆಕ್ಷೇಪಣೆ ಇರುವುದಿಲ್ಲ."

ಜವಾನ ಸೈಕಲ್ಲಿನಲ್ಲಿ ಹೋಗಿ ಕೊಟ್ಟು, ಅಲ್ಲಿಯೇ ಕೂತು ಉತ್ತರ ಬರೆಸಿಕೊಂಡು ಬಂದ. "ಗಾಳಿ ನನ್ನ ಅಂಗಡಿಯಲ್ಲಿ ಪಂಪಿನಿಂದ ಮಾತ್ರ ಬರುತ್ತದೆ. ಬೇರೆ ಗಾಳಿ ನಾನು ಕಂಡಿಲ್ಲ. ಉತ್ತರ ಬರೆದ ಗುಮಾಸ್ತರ ಸಾಲುಗಳು ಬಲಗಡೆ ಇಳಿಯುತ್ತವೆ. ಒಂದನೇ ಕ್ಲಾಸಿನಿಂದ ಹೇಳಿದ್ದೇನೆ, ಕೇಳಲಿಲ್ಲ."

ಮೇಡಂ ಸಹಿ ಮಾಡುವಾಗ ಪೆನ್ನು ನಿಲ್ಲಿಸಿದರು. "ಇದೇನಿದು, ಒಂದನೇ ಕ್ಲಾಸು ಅಂತೆಲ್ಲ ಬರೆದಿದ್ದಾರೆ? ನಿಮಗೆ ಗೊತ್ತಾ ಇವರು?"

"ವಯಸ್ಸಾದೋರು ಮೇಡಂ" ಎಂದರು ನಕ್ಷೆಯವರು. "ಏನೇನೋ ಬರೀತಾರೆ."

ಬಾಗಿಲ ಬಳಿ ನಿಂತಿದ್ದ ಜವಾನ ಜೋರಾಗಿ ಕೆಮ್ಮಿದ. ಮೂವತ್ತು ವರ್ಷದಿಂದ ಆ ಊರಿನ ಟಪಾಲು ಹಂಚುವವನಿಗೆ ಯಾರ ಅಣ್ಣ ಯಾರೆಂಬುದು ಗೊತ್ತಿರುವುದಿಲ್ಲವೇ? ಹೊರಗೆ ಬಂದ ಮೇಲೆ, "ಸಾರ್, ನಂಗ್ಯಾಕೆ ಬೇಕು ನಿಮ್ಮ ವಿಷಯ" ಎಂದು ಶುರುಮಾಡಿ, ಬೇಡದ ವಿಷಯವನ್ನು ಪೂರ್ತಿ ಹೇಳಿದ. "ಮೊನ್ನೆ ನಿಮ್ಮ ಕಾಗದ ಕೊಟ್ಟೆನಲ್ಲ, ಓದಿ ಮುಗಿಸಿ ಅಂಗಿ ಜೇಬಲ್ಲಿ ಇಟ್ಕೊಂಡ್ರು. ಎದೆ ಮೇಲಿನ ಜೇಬಲ್ಲಿ. ಚರಂಡಿ ನೋಟಿಸ್ ಕೊಟ್ರೆ ಜನ ಹಾಗೆ ಇಟ್ಕೊಳ್ಳೋದನ್ನ ನಾನಂತೂ ನೋಡಿಲ್ಲ."

ಆವತ್ತು ಉತ್ತರ ಬರೆಯಲು ನಕ್ಷೆಯವರು ಸ್ಕೇಲು ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡರು. ಒಂದು ಸಾಲೂ ಇಳಿಯದ ಹಾಗೆ ಬರೆದರು. "ಅಕ್ಷರದ ಬಗ್ಗೆ ತಮ್ಮ ಸಲಹೆಯನ್ನು ಕಚೇರಿಯು ಗಮನಿಸಿದೆ. ಗಾಳಿಯ ವಿಷಯ ಪರಿಶೀಲನೆಯಲ್ಲಿದೆ. ತಮ್ಮ ಸೊಂಟನೋವು ಈಗ ಹೇಗಿದೆ ಎಂಬುದನ್ನು ಕಚೇರಿಯು ತಿಳಿಯಬಯಸುತ್ತದೆ." ಕೆಳಗೆ ಸೀಲು ಹೊಡೆದರು. ಅದು ಮಾತ್ರ ಸ್ವಲ್ಪ ಓರೆಯಾಗಿ ಬಿತ್ತು.

ಮೂರನೆಯ ಕಾಗದ ಮಾರನೆಯ ದಿನವೇ ಬಂತು. ಜವಾನ ಅದನ್ನು ಮೇಜಿನ ಮೇಲೆ ಬೋರಲು ಇಟ್ಟು, ಯಾವತ್ತೂ ಇಲ್ಲದವನು, ಏನೂ ಹೇಳದೆ ಹೋದ.

"ಅರ್ಜಿದಾರನ ಸೊಂಟ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಕೇಳಿದ್ದರಿಂದ ಹೇಳುತ್ತೇನೆ. ಬಗ್ಗಿದರೆ ಏಳಲು ಆಗುವುದಿಲ್ಲ. ಈ ತಿಂಗಳ ಕೊನೆಗೆ ಅಂಗಡಿ ಮುಚ್ಚಿ, ಮಗಳ ಊರಿಗೆ ಹೋಗುತ್ತಿದ್ದೇವೆ. ಆಮೇಲೆ ನಿಮ್ಮ ನಕ್ಷೆ ಸರಿಯಾಗುತ್ತದೆ."

ನಕ್ಷೆಯವರು ಕೊನೆಯ ಸಾಲನ್ನು ಎಷ್ಟು ಹೊತ್ತು ನೋಡುತ್ತ ಕೂತರೋ, ಅವರ ಚಹಾ ಮೂರು ಸಲ ಬಂದು ಮೂರು ಸಲವೂ ಆರಿ ಹೋಯಿತು. ಕನ್ನಡಕ ಒರೆಸಿಕೊಂಡರು. ಎಷ್ಟು ಒರೆಸಿದರೂ ಅಕ್ಷರ ಮಂಜಾಗಿಯೇ ಇತ್ತು. ಕೊನೆಗೆ ಫೈಲು ಎತ್ತಿಕೊಂಡು ಮೇಡಂ ಕೋಣೆಗೆ ಹೋಗಿ, "ಮೇಡಂ, ಈ ತಿರುವು ತೆಗೆದುಬಿಡೋಣ" ಎಂದರು.

"ಅಯ್ಯೋ, ಈಗ ಹೇಗ್ರೀ ತೆಗೆಯೋದು?" ಮೇಡಂ ಇನ್ನೊಂದು ಫೈಲು ಮುಂದಕ್ಕೆ ತಳ್ಳಿದರು. ಅದರಲ್ಲಿ ಸೈಕಲ್ ಸಂಘದ ಮನವಿ ಇತ್ತು. ಸೈಕಲ್ ಶಾಪಿನ ಯಾರೋ ತಿರುವಿನ ಮೇಲೆ ದೂರು ಕೊಟ್ಟಿದ್ದಾರೆಂದು ತಿಳಿದು ಮನಸ್ಸಿಗೆ ಆಘಾತವಾಗಿದೆ. ತಿರುವು ನಮ್ಮ ಹೆಮ್ಮೆ. ಅದನ್ನು ಮುಟ್ಟಿದರೆ ಕೆಸರಿನಲ್ಲೇ ಧರಣಿ ಕೂರುತ್ತೇವೆ. ಕೆಳಗೆ ನಲವತ್ತೊಂದು ಸಹಿ. ಮೊದಲನೆಯದು ಡ್ರಿಲ್ ಮೇಷ್ಟ್ರದು, ಎರಡನೆಯದು ಮಂಡಿ ತರಚಿಕೊಂಡ ಡಾಕ್ಟರದು.

"ಗಾಳಿ ಗಾಳಿ ಅಂತ ಹೇಳಿದ್ದು ನೀವೇ ತಾನೇ?" ಎಂದರು ಮೇಡಂ. ನಕ್ಷೆಯವರು ಆ ಸಭೆಯಲ್ಲಿ ತಾವು ಹಾಗೆಂದು ಹೇಳಿಲ್ಲ, ಬರೀ ತಲೆ ಬಗ್ಗಿಸಿದ್ದು ಎನ್ನಲು ಬಾಯಿ ತೆರೆದರು. ಆದರೆ ಆ ವ್ಯತ್ಯಾಸವನ್ನು ಹೇಳುವುದು ಹೇಗೆಂದು ತಿಳಿಯಲಿಲ್ಲ. ಮೇಡಂ ಕ್ಯಾಲೆಂಡರು ನೋಡಿದರು. "ಭಾನುವಾರ ಸ್ಥಳ ತನಿಖೆ ಇಟ್ಕೊಳ್ಳೋಣ. ಸಂಘದೋರೂ ಬರ್ಲಿ, ನಾನೂ ಬರ್ತೀನಿ. ನೇರ ರಸ್ತೇಲಿ ಹೋಗಿ, ಅರ್ಜಿದಾರರ ಹೇಳಿಕೆ ತಗೊಂಡು, ನಮೂನೆ ತುಂಬಿ ಮುಗಿಸಿಬಿಡಿ."

ಭಾನುವಾರ ಬೆಳಿಗ್ಗೆ ಸೇತುವೆಯಿಂದ ಇಪ್ಪತ್ತಮೂರು ಸೈಕಲ್ಲು ಹೊರಟವು. ಮುಂದೆ ನಕ್ಷೆಯವರು, ಹಿಂದೆ ಮೇಡಂ, ಅವರ ಹಿಂದೆ ಸೀಟಿ ಕಚ್ಚಿಕೊಂಡ ಡ್ರಿಲ್ ಮೇಷ್ಟ್ರು, ಆಮೇಲೆ ಸಂಘ, ಕಟ್ಟಕಡೆಗೆ ನಮೂನೆಗಳ ಚೀಲ ಹೊತ್ತ ಜವಾನ. ಬಿಸಿಲು ಹದವಾಗಿತ್ತು. ನದಿಯ ನೀರಿನಲ್ಲಿ ಒಂದು ಅಲೆ ಕೂಡ ಇರಲಿಲ್ಲ. ಗಾಳಿಯಂತೂ ಔಷಧಕ್ಕೂ ಇಲ್ಲ. ಇದನ್ನು ಡ್ರಿಲ್ ಮೇಷ್ಟ್ರು ಬಿಟ್ಟು ಉಳಿದವರೆಲ್ಲ ಗಮನಿಸಿದರು.

ಆರನೇ ಕಲ್ಲು ಬಂತು. ನಕ್ಷೆಯವರು ದಾರಿಯುದ್ದಕ್ಕೂ ನೆಟ್ಟಗೆ, ನೆಟ್ಟಗೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದರು. ಆದರೆ ಹನ್ನೊಂದು ವರ್ಷ ಪಳಗಿದ ಸೈಕಲ್ಲು ಯಾರ ಮಾತನ್ನೂ ಕೇಳದೆ ಬಲಕ್ಕೆ ಇಳಿಯಿತು. ಹಿಂದಿದ್ದ ಇಪ್ಪತ್ತೆರಡೂ ಸಾಲಾಗಿ ಇಳಿದವು. ಕೋಸಿನ ಹೊಲ ದಾಟಿ, ಗೂಡಿನ ಹತ್ತಿರ ಬಂದು, ನಾಯಿ ಎದ್ದು ನಿಂತ ಮೇಲೆಯೇ ಅವರಿಗೆ ಎಚ್ಚರವಾದದ್ದು. ಗಕ್ಕನೆ ಬ್ರೇಕು ಹಿಡಿದರು. ಹಿಂದಿನವರು ಒಬ್ಬರ ಮೇಲೊಬ್ಬರು ಬಿದ್ದರು.

"ನಾವು ನೇರ ರಸ್ತೆ ನೋಡೋಕೆ ಬಂದದ್ದಲ್ವಾ?" ಎಂದು ಮೇಡಂ ಕೆಸರಿನಿಂದ ಒಂದು ಬೂಟು ಕಿತ್ತುಕೊಳ್ಳುತ್ತ ಕೇಳಿದರು.

"ತಪ್ಪಾಯ್ತು ಮೇಡಂ" ಎಂದರು ನಕ್ಷೆಯವರು. ಈ ಮಾತು ಅವರ ಬಾಯಿಂದ ಬಂದದ್ದನ್ನು ಕಚೇರಿಯವರು ಯಾರೂ ಕೇಳಿರಲಿಲ್ಲ. ಜವಾನ ನಿಂತಲ್ಲೇ ನಿಂತ. "ಎಲ್ಲರೂ ಹಿಂದಕ್ಕೆ ತಿರುಗಿಸಿ. ಈ ದಾರಿ ಅಲ್ಲ" ಎಂದು ನಕ್ಷೆಯವರೇ ಮುಂದುವರಿಸಿದರು.

ಅಂಗಡಿಯ ಮುಂದೆ ಅಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಕ್ಷೆಯವರು ಕೊನೆಯ ಸಲ ನೋಡಿದ್ದು ಕಪ್ಪು ಕೂದಲಿನ ಅಣ್ಣನನ್ನು. ಒಳಗೆ ಅರ್ಧ ಗೋಡೆ ಬರಿದಾಗಿ, ಸಾಮಾನುಗಳು ಗೋಣಿಚೀಲಗಳಲ್ಲಿ ಕೂತಿದ್ದವು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಜವಾನ ಒಂದು ಸ್ಟೂಲು ಎಳೆದು, ನಮೂನೆಯನ್ನು ಅದರ ಮೇಲೆ ಹರಡಿ, ಕಾಲಂಗಳನ್ನು ಗಟ್ಟಿಯಾಗಿ ಓದತೊಡಗಿದ.

"ಒಂದು. ಅರ್ಜಿದಾರರ ಹೆಸರು."

ನಕ್ಷೆಯವರು ಕೇಳದೆಯೇ ಬರೆದರು.

"ಎರಡು. ತಂದೆಯ ಹೆಸರು."

ಅದನ್ನೂ ಕೇಳದೆಯೇ ಬರೆದರು. ಬರೆಯುವಾಗ ಪೆನ್ನು ಒಂದು ಕ್ಷಣ ನಿಂತಿತು. ಮೇಡಂ ಹುಬ್ಬೇರಿಸಿದರು. ವಯಸ್ಸು, ಕಸುಬು, ಸ್ಥಳ, ರಸ್ತೆಯ ಅಗಲ ಎಲ್ಲ ತುಂಬಿತು.

"ಏಳು. ತನಿಖೆ ಮಾಡುವ ನೌಕರರಿಗೂ ಅರ್ಜಿದಾರರಿಗೂ ಇರುವ ಸಂಬಂಧ. ಷರಾ: ಸಂಬಂಧವಿದ್ದಲ್ಲಿ ತನಿಖೆಯು ಅಸಿಂಧು. ಸದರಿ ನೌಕರರು ಈ ಸ್ಥಳದಲ್ಲಿ ಹಿಂದೆ ಮಾಡಿದ ಕೆಲಸವೂ ರದ್ದಾಗತಕ್ಕದ್ದು."

"ಅಡ್ಡಗೆರೆ ಎಳೀರಿ" ಎಂದರು ಡ್ರಿಲ್ ಮೇಷ್ಟ್ರು. "ಎಲ್ಲರೂ ಎಳೆಯೋದೇ ಅಲ್ಲಿ."

ನಕ್ಷೆಯವರು ಬಗ್ಗಿದರು. ಕಾಲಮ್ಮಿನ ಸಣ್ಣ ಚೌಕದಲ್ಲಿ ಎರಡಕ್ಷರದ ಒಂದು ಮಾತು ಬರೆದು ಪೆನ್ನು ಮುಚ್ಚಿದರು. ತುಂಬಿದ್ದನ್ನು ಗಟ್ಟಿಯಾಗಿ ಓದಬೇಕಾದದ್ದು ಜವಾನನ ಕೆಲಸ. ಅವನು ಅದನ್ನು ನಿಧಾನವಾಗಿ ಓದಿದ.

"ಅಣ್ಣ."

"ಯಾರಿಗೆ ಅಣ್ಣ?" ಎಂದರು ಡ್ರಿಲ್ ಮೇಷ್ಟ್ರು.

"ನನಗೆ" ಎಂದು ನಕ್ಷೆಯವರು ನೆಟ್ಟಗೆ ನಿಂತರು. "ನನ್ನ ಒಡಹುಟ್ಟಿದ ಅಣ್ಣ. ನನ್ನನ್ನ ಓದಿಸಿದೋನು. ಗಾಳಿ ಅಲ್ಲ ಮೇಡಂ, ನಾಚಿಕೆ. ಹಿಂದೆ ಒಬ್ಬರು ಸಾಹೇಬರು ಇದೇ ಜಾಗದಲ್ಲಿ ಇವನ್ಯಾರು ಅಂತ ಕೇಳಿದ್ರು. ಯಾರೂ ಇಲ್ಲ ಅಂದೆ. ಆಮೇಲೆ ಈ ಮುಖ ಹೊತ್ಕೊಂಡು ಈ ರಸ್ತೇಲಿ ಬರೋಕಾಗ್ಲಿಲ್ಲ. ಸುತ್ತಿಕೊಂಡು ಹೋಗ್ತಿದ್ದೆ. ಅದನ್ನೇ ನಕ್ಷೇಲಿ ಬರ್ದುಬಿಟ್ಟೆ."

ಇಪ್ಪತ್ತು ಚಿಲ್ಲರೆ ಜನ ಕೆಸರು ಮೆತ್ತಿಕೊಂಡು ಅಲ್ಲಾಡದೆ ನಿಂತಿದ್ದರು. ಡ್ರಿಲ್ ಮೇಷ್ಟ್ರ ಕೈಯಿಂದ ಸೀಟಿ ಜಾರಿ ಎದೆಗೆ ಬಿತ್ತು. "ಹಾಗಾದ್ರೆ ಗಾಳಿ?" ಎಂದು ಅವರು ಮೆಲ್ಲಗೆ ಕೇಳಿದರು.

"ಈ ನಮೂನೆ ನಡೆಯಲ್ಲ" ಎಂದರು ಮೇಡಂ. ಅವರ ದನಿ ಯಾವತ್ತಿಗಿಂತ ತಗ್ಗಿತ್ತು. "ನಕ್ಷೆ ರದ್ದಾಗುತ್ತೆ. ಹೊಸದು ಬೇರೆಯವರು ಮಾಡ್ಬೇಕು. ಸೇತುವೆ ಹತ್ರದ ಬೋರ್ಡೂ ಇಳಿಸ್ಬೇಕಾಗುತ್ತೆ."

"ಇಳಿಸಿ ಮೇಡಂ."

ಅಣ್ಣ ಚೌಕಟ್ಟು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಸ್ಟೂಲಿನ ಮೇಲಿನ ಕಾಗದವನ್ನು ಎತ್ತಿ, ದೂರ ಹಿಡಿದು, ಏಳನೇ ಕಾಲಮ್ಮನ್ನು ತಾನೇ ಓದಿಕೊಂಡ. ಓದಿದವನು ಮತ್ತೆ ಓದಿದ. ಆಮೇಲೆ ತಮ್ಮನ ಮುಖ ನೋಡಿದ.

"ಒಂದು ಕಾಲಂ ತುಂಬೋಕೆ ಹನ್ನೊಂದು ವರ್ಷ ಬೇಕಾಯ್ತೇನೋ ನಿಂಗೆ?"

ನಕ್ಷೆಯವರಿಗೆ ಅಳು ಬಂತು. ಇಸ್ತ್ರಿ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು, ಎಲ್ಲರ ಎದುರೂ ಅತ್ತರು. ಮೇಡಂ ಆ ಕಡೆ ತಿರುಗಿ ನದಿ ನೋಡತೊಡಗಿದರು. ನೋಡಲು ನದಿಯಲ್ಲಿ ವಿಶೇಷವೇನೂ ಇರಲಿಲ್ಲ, ಆದರೂ ಸಂಘದವರೆಲ್ಲ ನೋಡಿದರು.

"ಆಯ್ತು, ಸಾಕು ಬಿಡು" ಎಂದ ಅಣ್ಣ. ಅವನ ಕಣ್ಣೂ ತುಂಬಿತ್ತು.

"ಅಂಗಡಿ ಮುಚ್ಬೇಡ ಅಣ್ಣ. ಊರು ಬಿಟ್ಟು ಹೋಗ್ಬೇಡ."

"ನೀನು ಬರ್ದುಕೊಟ್ಟ ಮಾತ್ರಕ್ಕೆ ಸೊಂಟ ನೆಟ್ಟಗಾಗುತ್ತೇನೋ? ಮುಚ್ಚಲೇಬೇಕು. ತಿಂಗಳ ಕೊನೆಗೆ ಇನ್ನೂ ಹತ್ತು ಹನ್ನೆರಡು ದಿನ ಇದೆ." ಅಣ್ಣ ಮೆಲ್ಲಗೆ, ಸೊಂಟಕ್ಕೆ ಕೈಕೊಟ್ಟು, ಸ್ಟೂಲಿನ ಮೇಲೆ ಕೂತ. "ಅಲ್ಲೀತನಕ ದಿನಾ ಬೆಳಿಗ್ಗೆ ಆಫೀಸಿಗೆ ಹೋಗೋವಾಗ ಈ ಕಡೆ ಬಂದು ಹೋಗು."

ಎಂಥ ಹೊತ್ತಿನಲ್ಲೂ ಅಳತೆ ತಪ್ಪದ ಮನುಷ್ಯ ನಕ್ಷೆಯವರು. ಮೂಗು ಒರೆಸಿಕೊಂಡು, "ಆಫೀಸು ಆ ದಿಕ್ಕಿಗಲ್ವಾ ಅಣ್ಣ, ಇಲ್ಲಿಂದ ಆರು ಕಿಲೋಮೀಟರ್. ಹೋಗಿ ಬರೋದು ಹನ್ನೆರಡು" ಎಂದರು. "ಸುತ್ತಾಗುತ್ತಲ್ಲ."

"ಸುತ್ತು ಹಾಕೋದು ನಿಂಗೇನು ಹೊಸದೇನೋ?" ಎಂದ ಅಣ್ಣ.